ಆಮೆಗೆ ಸೀಮೆಬದನೆ, ಪಾಪಾಸುಕಳ್ಳಿ: ವಾರಕ್ಕೊಮ್ಮೆ ಯಾವ ತರಕಾರಿ, ಎಷ್ಟು, ಹೇಗೆ

ನೆಲದ ಆಮೆಯ ಊಟದಲ್ಲಿ ತರಕಾರಿಗೆ ಇರುವ ಜಾಗ ಬಾಳೆಲೆಯ ತುದಿಯ ಉಪ್ಪಿನಕಾಯಿಗೆ ಇರುವಷ್ಟೇ. ಹುಲ್ಲು, ಸೊಪ್ಪು, ಕಳೆಗಿಡ, ಹೂವು ಇವೇ ಅದರ ಅನ್ನ. ಹಾಗಿದ್ದರೂ ವಾರಕ್ಕೊಂದು ಹೊತ್ತು ಬೇರೆ ರುಚಿ ಕೊಡುವುದರಿಂದ ಉಪಯೋಗವಿದೆ. ಬೇಸಿಗೆಯಲ್ಲಿ ಮೈಗೆ ನೀರು ಸೇರುತ್ತದೆ, ಗಟ್ಟಿ ತುಂಡು ಕಚ್ಚಿ ಕೊಕ್ಕು ಸವೆಯುತ್ತದೆ, ಕ್ಯಾಲ್ಸಿಯಂ ಪುಡಿಯನ್ನೋ ಡಾಕ್ಟರು ಬರೆದುಕೊಟ್ಟ ಔಷಧಿಯನ್ನೋ ಅದರಲ್ಲಿ ಸೇರಿಸಿ ಹೊಟ್ಟೆಗೆ ಕಳಿಸಬಹುದು. ಸಪ್ಪಗಿದ್ದ ಆಮೆಗೆ ನಿಜವಾಗಿ ಹುಷಾರಿಲ್ಲವೋ ಅಥವಾ ಹುಲ್ಲು ಬೇಜಾರಾಗಿದೆಯೋ ಎಂಬುದೂ ಒಂದು ಚೂರು ಕುಂಬಳ ಮುಂದಿಟ್ಟರೆ ಗೊತ್ತಾಗುತ್ತದೆ. ಕುಂಬಳವನ್ನೂ ಮೂಸದೆ ಕೂತರೆ ಸಮಸ್ಯೆ ನಾಲಗೆಯದಲ್ಲ.

ಯಾವ ಆಮೆ ಎಂಬುದು ಮೊದಲು

ಮೈಮೇಲೆ ಹಳದಿ ನಕ್ಷತ್ರದ ಗೆರೆಗಳಿರುವ ನಮ್ಮ ನಾಡಿನ ನಕ್ಷತ್ರ ಆಮೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದೃಷ್ಟ ತರುತ್ತದೆಂದು ಯಾರೋ ತಂದುಕೊಟ್ಟರೂ ಅಪರಾಧವೇ. ಅಂಥದ್ದು ಕೈಗೆ ಬಂದರೆ ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಇಲ್ಲಿ ಬರೆದಿರುವುದು ವಿದೇಶಿ ಜಾತಿಗಳ ವಿಷಯ. ಇಂಥ ಪ್ರಾಣಿಗಳನ್ನು ಸಾಕುವವರು 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಖರೀದಿಸುವ ಮುನ್ನವೇ ಕಾಗದಪತ್ರ ಕೇಳಿ. ಇನ್ನು ನೀರಿನ ತೊಟ್ಟಿಯಲ್ಲಿ ಸಾಕುವ ಕೆಂಪುಕಿವಿಯ ಆಮೆಗೆ ಆಹಾರದ ಲೆಕ್ಕವೇ ಬೇರೆ, ಅದು ಇಲ್ಲಿಗೆ ಸೇರುವುದಿಲ್ಲ.

ಮುಖ್ಯವಾಗಿ ನಾವು ಮನಸ್ಸಿನಲ್ಲಿಟ್ಟುಕೊಂಡಿರುವುದು ಸುಲ್ಕಾಟಾ, ಅಂದರೆ ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣದಂಚಿನ ಒಣಭೂಮಿಯ ಆಮೆಯನ್ನು. ಇದು ದನದಂತೆ ಮೇಯುವ ಪ್ರಾಣಿ. ಊಟದ ಮುಕ್ಕಾಲಕ್ಕಿಂತ ಹೆಚ್ಚು ಹುಲ್ಲೇ ಆಗಬೇಕು. ಬ್ರಿಟನ್, ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಹರ್ಮನ್ ಆಮೆ, ರಷ್ಯನ್ ಆಮೆಗಳೂ ಇರಬಹುದು. ಅವಕ್ಕೆ ಹುಲ್ಲಿಗಿಂತ ಅಗಲ ಎಲೆಯ ಕಳೆಗಿಡ ಇಷ್ಟ, ನೀರು ತುಂಬಿದ ಕಾಯಿ ಕೊಟ್ಟರೆ ಬೇಗ ಭೇದಿಯಾಗುತ್ತದೆ. ದಕ್ಷಿಣ ಅಮೆರಿಕದ ರೆಡ್‌ಫುಟ್ ಮಾತ್ರ ಕಾಡಿನ ಹಣ್ಣು ತಿನ್ನುವ ಜಾತಿ. ಕೆಳಗಿನ ಮಿತಿಗಳನ್ನು ಅದಕ್ಕೆ ಸ್ವಲ್ಪ ಸಡಿಲಿಸಬಹುದು.

ತರಕಾರಿ ಮಿತಿ ಮೀರಿದರೆ ಏನಾಗುತ್ತದೆ

ಹುಲ್ಲು ತಿನ್ನುವ ಆಮೆಯ ಹೊಟ್ಟೆಯ ಕೆಲಸವೆಲ್ಲ ಕರುಳಿನ ಹಿಂಭಾಗದಲ್ಲಿ ನಡೆಯುತ್ತದೆ. ಅಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ನಿಧಾನವಾಗಿ ಕೊಳೆಸಿ ಶಕ್ತಿ ತೆಗೆಯುತ್ತವೆ. ತಿಂದದ್ದು ಹೊರಗೆ ಬರಲು ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಹಿಡಿಯುತ್ತದೆ. ಈ ವ್ಯವಸ್ಥೆಗೆ ಸಕ್ಕರೆ ಮತ್ತು ಹಿಟ್ಟಿನಂಶ ಹೆಚ್ಚು ಬಿದ್ದರೆ ಹುದುಗು ಜೋರಾಗಿ ಗ್ಯಾಸ್ ತುಂಬುತ್ತದೆ, ನಾರು ಕೊಳೆಸುವ ಜೀವಿಗಳು ಸೊರಗಿ ಬೇರೆಯವು ಹೆಚ್ಚುತ್ತವೆ, ಭೇದಿ ಶುರುವಾಗುತ್ತದೆ.

ಇನ್ನೊಂದು ಲೆಕ್ಕ ಸುಣ್ಣದ್ದು. ಆಮೆಯ ಆಹಾರದಲ್ಲಿ ರಂಜಕ (ಫಾಸ್ಫರಸ್) ಒಂದು ಪಾಲಿದ್ದರೆ ಕ್ಯಾಲ್ಸಿಯಂ ಕನಿಷ್ಠ ಎರಡು ಪಾಲು ಇರಬೇಕು. ನಾವು ತಿನ್ನುವ ಹೆಚ್ಚಿನ ಕಾಯಿ, ಗೆಡ್ಡೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. 100 ಗ್ರಾಂ ಸಿಹಿಗುಂಬಳದಲ್ಲಿ ಕ್ಯಾಲ್ಸಿಯಂ ಸುಮಾರು 21 ಮಿಲಿಗ್ರಾಂ, ರಂಜಕ 44. ನವಿಲುಕೋಸಿನ ಗೆಡ್ಡೆಯಲ್ಲಿ 24 ಮತ್ತು 46. ಸೀಮೆಬದನೆಯಲ್ಲಿ ಎರಡೂ ಹೆಚ್ಚುಕಡಿಮೆ ಸಮ, 17 ಮತ್ತು 18. ಬೆಂಡೆಕಾಯಿಯಲ್ಲಿ 82 ಮತ್ತು 61. ಸ್ವೀಟ್‌ಕಾರ್ನ್ ಎಲ್ಲಕ್ಕಿಂತ ಕೆಟ್ಟದ್ದು: 2 ಮತ್ತು 89. ಪಾಪಾಸುಕಳ್ಳಿಯ ಎಲೆಯಂಥ ತಟ್ಟೆಯಲ್ಲಿ ಮಾತ್ರ ಕ್ಯಾಲ್ಸಿಯಂ 164, ರಂಜಕ 16. ರಂಜಕ ಹೆಚ್ಚಿರುವುದನ್ನೇ ದಿನವೂ ಕೊಟ್ಟರೆ ದೇಹ ತನ್ನ ಮೂಳೆ, ಚಿಪ್ಪಿನಿಂದಲೇ ಕ್ಯಾಲ್ಸಿಯಂ ಕಿತ್ತು ಸರಿದೂಗಿಸಲು ನೋಡುತ್ತದೆ. ಮರಿಗಳಲ್ಲಿ ಚಿಪ್ಪು ಒತ್ತಿದರೆ ಬಗ್ಗುವಂತಾಗುವುದು, ನಡೆಯುವಾಗ ಹೊಟ್ಟೆ ನೆಲಕ್ಕೆ ಎಳೆಯುವುದು, ಕೊಕ್ಕು ವಕ್ರವಾಗುವುದು ಇದರ ಗುರುತು.

ವಾರಕ್ಕೊಮ್ಮೆ ಕೊಡುವ ಪ್ರಮಾಣಕ್ಕೆ ಈ ಕೊರತೆಯನ್ನು ತುಂಬುವುದು ಸುಲಭ. 20 ಗ್ರಾಂ ಕುಂಬಳಕ್ಕೆ ಬೇಕಾಗುವ ಹೆಚ್ಚುವರಿ ಕ್ಯಾಲ್ಸಿಯಂ 13–14 ಮಿಲಿಗ್ರಾಂ ಮಾತ್ರ. ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಯಲ್ಲಿ ಶೇ 40ರಷ್ಟು ಕ್ಯಾಲ್ಸಿಯಂ ಇರುವುದರಿಂದ ಒಂದು ಸಣ್ಣ ಚಿಟಿಕೆ ಧಾರಾಳವಾಯಿತು. ಪುಡಿ ಸಿಗದಿದ್ದರೆ ಗ್ರಂಧಿಗೆ ಅಂಗಡಿಯಲ್ಲಿ ಸಮುದ್ರ ನೊರೆ ಕೇಳಿ. ಪಂಜರದ ಗಿಳಿಗಳಿಗೆ ಕಟ್ಟುವ ಕಟ್ಲ್‌ಬೋನ್ ಅದೇ. ಇಡೀ ತುಂಡು ಕೊಂಡು ತೊಳೆದು ಒಣಗಿಸಿ, ಗಟ್ಟಿ ಬೆನ್ನನ್ನು ಚಾಕುವಿನಿಂದ ತೆಗೆದು, ಮೆತ್ತನೆಯ ಬಿಳಿ ಭಾಗವನ್ನು ಹೆರೆದು ಉದುರಿಸಿ. ಎಲೆಯಡಿಕೆಯ ಸುಣ್ಣವೂ ಕ್ಯಾಲ್ಸಿಯಮ್ಮೇ ತಾನೆ ಎಂದು ಅದನ್ನು ಸವರಬೇಡಿ. ಅದು ನೀರೂಡಿಸಿದ ಸುಣ್ಣ, ಬಾಯಿ ಮತ್ತು ಅನ್ನನಾಳ ಸುಡುತ್ತದೆ. ಎಷ್ಟೇ ಕ್ಯಾಲ್ಸಿಯಂ ಕೊಟ್ಟರೂ ಬಿಸಿಲಿಲ್ಲದೆ ಅದು ಮೈಗೆ ಹತ್ತುವುದಿಲ್ಲ. ಕಿಟಕಿ ಗಾಜಿನ ಹಿಂದಿನ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ.

ಎಷ್ಟು ಕೊಡಬೇಕು

ದೇಹತೂಕದ ಶೇ 1.5ರಿಂದ 2, ವಾರಕ್ಕೆ ಒಂದೇ ಸಲ. ಒಂದು ಕೆಜಿಯ ಆಮೆಗೆ 15–20 ಗ್ರಾಂ, ಅಂದರೆ ತುರಿದರೆ ಎರಡು ದೊಡ್ಡ ಚಮಚದಷ್ಟು. 50 ಗ್ರಾಂ ತೂಗುವ ಮರಿಗೆ ಒಂದು ಗ್ರಾಂ, ನಿಮ್ಮ ಕಿರುಬೆರಳ ಉಗುರಿನಷ್ಟು. ಹಿತ್ತಲಲ್ಲಿ ಓಡಾಡುವ 40 ಕೆಜಿಯ ಸುಲ್ಕಾಟಾಗೆ ಈ ಲೆಕ್ಕದಲ್ಲಿ ಹೆಚ್ಚು ಬಂದರೂ ಅರ್ಧ ಕೆಜಿ ದಾಟದಿರಲಿ. ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ. ಮನೆಯಲ್ಲಿ ನಾಲ್ಕು ಜನರಿದ್ದು ನಾಲ್ವರೂ "ಪಾಪ, ಒಂದು ಚೂರು" ಎಂದು ಹಾಕಿದರೆ ಮಿತಿ ಎಲ್ಲಿ ಉಳಿಯುತ್ತದೆ? ಕ್ಯಾಲೆಂಡರಿನಲ್ಲಿ ವಾರದ ಒಂದು ದಿನ ಗುರುತು ಮಾಡಿ, ಹಾಕುವ ಕೆಲಸ ಒಬ್ಬರಿಗೇ ಇರಲಿ.

ಹೊಸದೊಂದನ್ನು ಮೊದಲ ಬಾರಿ ಕೊಡುವಾಗ ಈ ಪ್ರಮಾಣದ ಕಾಲು ಭಾಗ ಸಾಕು. ಒಂದು ಸಲಕ್ಕೆ ಒಂದೇ ಹೊಸ ತರಕಾರಿ, ಮುಂದಿನದಕ್ಕೆ ಕನಿಷ್ಠ ಹತ್ತು ದಿನ ಬಿಡಿ. ಮೂರು ತರಕಾರಿ ಒಟ್ಟಿಗೆ ಹಾಕಿ ಭೇದಿಯಾದರೆ ಯಾವುದರಿಂದ ಆಯಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಸೀಮೆಬದನೆಕಾಯಿ

ಮೊದಲು ಪ್ರಯತ್ನಿಸಲು ಇದಕ್ಕಿಂತ ಸಾಧು ತರಕಾರಿ ಸಿಗದು. ತಮಿಳರು 'ಬೆಂಗಳೂರು ಕತ್ತರಿಕ್ಕಾಯಿ' ಎಂದು ನಮ್ಮೂರಿನ ಹೆಸರಲ್ಲೇ ಕರೆಯುವ ಈ ಕಾಯಿ ಮೂಲದಲ್ಲಿ ಮೆಕ್ಸಿಕೊ ಕಡೆಯದು. ಅಮೆರಿಕದಲ್ಲಿರುವವರಿಗೆ ಚಯೋಟೆ ಎಂಬ ಹೆಸರಲ್ಲಿ ಸಿಗುತ್ತದೆ. ಶೇ 94ರಷ್ಟು ನೀರು, ಸಕ್ಕರೆ ಕಡಿಮೆ.

ಹಸಿರು ತಿಳಿಯಾಗಿ, ಒತ್ತಿದರೆ ಬಗ್ಗದ ಎಳೆಯ ಕಾಯಿ ಆರಿಸಿ. ಬಲಿತದ್ದರ ಸಿಪ್ಪೆ ಚರ್ಮದಂತಿರುತ್ತದೆ, ಮೈಮೇಲೆ ಸಣ್ಣ ಮುಳ್ಳೂ ಇರಬಹುದು. ಅಂಥದ್ದಕ್ಕೆ ಸಿಪ್ಪೆ ತೆಗೆಯಲೇಬೇಕು. ಕೊಯ್ದಾಗ ಬರುವ ಅಂಟುರಸ ಕೈಗೆ ಹತ್ತಿದರೆ ಒಣಗಿದ ಗೋಂದಿನಂತೆ ಬಿಗಿದು ಕೆಲವರಿಗೆ ಚರ್ಮ ಸುಲಿಯುತ್ತದೆ. ಅದಕ್ಕೇ ನಲ್ಲಿ ನೀರಿನ ಕೆಳಗೆ ಹಿಡಿದು ಹೆರೆಯಿರಿ, ಇಲ್ಲವೇ ಅಂಗೈಗೆ ಒಂದು ತೊಟ್ಟು ಎಣ್ಣೆ ಸವರಿಕೊಳ್ಳಿ. ಎಣ್ಣೆ ಹಚ್ಚಿದ್ದರೆ ಕಾಯಿಯನ್ನು ಕೊನೆಗೊಮ್ಮೆ ತೊಳೆಯುವುದನ್ನು ಮರೆಯಬೇಡಿ. ಉದ್ದಕ್ಕೆ ಎರಡು ಹೋಳು ಮಾಡಿದರೆ ನಡುವೆ ಚಪ್ಪಟೆ ಬಿಳಿ ಬೀಜವೊಂದು ಕಾಣುತ್ತದೆ. ಅದು ಮೆತ್ತಗಿರುತ್ತದೆ, ತೆಗೆಯುವ ಅಗತ್ಯವಿಲ್ಲ. ಹೋಳನ್ನು ಐದು ನಿಮಿಷ ನೀರಿನಲ್ಲಿ ಬಿಟ್ಟು ಅಂಟು ಹೋದ ಮೇಲೆ ಒರೆಸಿ.

ಚಿಪ್ಪು 10 ಸೆಂ.ಮೀ.ಗಿಂತ ಚಿಕ್ಕದಿರುವ ಮರಿಗೆ ತುರಿಮಣೆಯಲ್ಲಿ ತುರಿದು ಗರಿಕೆಯ ಜೊತೆ ಕಲಸಿ. ದೊಡ್ಡ ಆಮೆಗೆ ತುರಿಯುವುದು ಬೇಡ. ಕಾಲು ಹೋಳನ್ನು ಹಾಗೇ ಇಡಿ. ಅದು ಮುಂಗಾಲಿನಿಂದ ತುಂಡನ್ನು ಅದುಮಿ ಹಿಡಿದು, ಕತ್ತು ಹಿಂದಕ್ಕೆಳೆದು ಹರಿಯುತ್ತದೆ. ಪ್ರತಿ ಕಚ್ಚಿಗೂ ಹೋಳಿನ ಮೇಲೆ ಅರ್ಧಚಂದ್ರದ ಗುರುತು ಬೀಳುತ್ತದೆ. ಆ ಗುರುತಿನ ಅಂಚು ಸಮವಾಗಿ ಕತ್ತರಿಸಿದಂತಿದ್ದರೆ ಕೊಕ್ಕು ಸರಿಯಿದೆ ಎಂದರ್ಥ. ಒಂದು ಬದಿ ಜಜ್ಜಿದಂತೆ, ಹರಿಯದೆ ಉಳಿದಿದ್ದರೆ ಕೊಕ್ಕು ಬೆಳೆದು ವಾಲಿರಬಹುದು, ಬಾಯಿ ನೋಡಿಸಿ.

ಪಾಪಾಸುಕಳ್ಳಿ

ವಿದೇಶಗಳಲ್ಲಿ ಆಮೆ ಸಾಕುವವರು ದುಡ್ಡು ಕೊಟ್ಟು ತರಿಸುವ ಈ ಗಿಡ ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಪುಕ್ಕಟೆ ನಿಂತಿದೆ. ಅಮೆರಿಕದ ಮೆಕ್ಸಿಕನ್ ಅಂಗಡಿಗಳಲ್ಲಿ ಮುಳ್ಳು ತೆಗೆದ ತಟ್ಟೆಗಳನ್ನು ನೊಪಾಲೆಸ್ ಎಂದು ಮಾರುತ್ತಾರೆ. ಇದರಲ್ಲಿ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ಆಕ್ಸಲೇಟ್ ಎಂಬ ಅಂಶವೂ ಇದೆ, ಹಾಗಾಗಿ ಆ 164 ಮಿಲಿಗ್ರಾಂ ಪೂರ್ತಿ ಮೈಗೆ ಸೇರುವುದಿಲ್ಲ. ಆದರೂ ಕಾಯಿಪಲ್ಲೆಗಳ ಜೊತೆ ಹೋಲಿಸಿದರೆ ಇದು ಎಷ್ಟೋ ವಾಸಿ.

ಮೊದಲ ಎಚ್ಚರಿಕೆ: ಕಳ್ಳಿ ಎಂಬ ಹೆಸರು ನಂಬಬೇಡಿ. ಮುರಿದಾಗ ಬಿಳಿ ಹಾಲು ಸುರಿದರೆ ಅದು ಬೇರೆಯೇ ಕುಟುಂಬದ ಕಳ್ಳಿ, ಹಾಲು ಕಣ್ಣು, ಬಾಯಿ ಸುಡುವಂಥದ್ದು. ಪಾಪಾಸುಕಳ್ಳಿಯನ್ನು ಮುರಿದರೆ ಬರುವುದು ಬಣ್ಣವಿಲ್ಲದ ಲೋಳೆ. ತಟ್ಟೆ ಅಂಗೈ ಅಗಲ, ಚಪ್ಪಟೆ, ಒಂದರ ಮೇಲೊಂದು ಜೋಡಿಸಿದಂತೆ. ರಸ್ತೆ ಬದಿಯ ಗಿಡ, ಕಳೆನಾಶಕ ಹೊಡೆದ ಹೊಲದ ಬೇಲಿ ಬಿಟ್ಟುಬಿಡಿ. ತಟ್ಟೆಯ ಮೇಲೆ ಹತ್ತಿಯಂಥ ಬಿಳಿ ಮಚ್ಚೆಗಳಿದ್ದರೆ ಗಾಬರಿ ಬೇಡ. ಅದು ಈ ಗಿಡದ ಹಾವಳಿ ತಡೆಯಲೆಂದೇ ತಂದು ಬಿಟ್ಟ ಕೊಚಿನೀಲ್ ಜಾತಿಯ ಹುಳು. ಒರೆಸಿದರೆ ಕಡುಗೆಂಪು ಬಣ್ಣ ಬರುತ್ತದೆ, ತೊಳೆದರೆ ಹೋಗುತ್ತದೆ. ಮಚ್ಚೆ ತುಂಬಿ ತಟ್ಟೆ ಹಳದಿಯಾಗಿದ್ದರೆ ಮಾತ್ರ ಬೇರೆಯದನ್ನು ನೋಡಿ.

ದೊಡ್ಡ ಮುಳ್ಳು ಕಣ್ಣಿಗೆ ಕಾಣುತ್ತದೆ, ತೊಂದರೆ ಕೊಡುವುದು ಅದರ ಬುಡದಲ್ಲಿ ಗುಂಪಾಗಿರುವ ಕೂದಲಿನಂಥ ಸಣ್ಣ ಮುಳ್ಳು. ಅದು ಕೊಂಡಿಯಂತೆ ಚರ್ಮದಲ್ಲಿ ಸಿಕ್ಕಿಕೊಳ್ಳುತ್ತದೆ, ಆಮೆಯ ನಾಲಗೆಗೂ ಕಣ್ಣಿಗೂ ಅಷ್ಟೇ ಅಪಾಯ. ತೆಗೆಯುವ ಕ್ರಮ ಹೀಗೆ. ಇಕ್ಕಳದಿಂದ ತಟ್ಟೆ ಹಿಡಿದು ಬುಡದ ಸಂದಿನಲ್ಲಿ ಕೊಯ್ಯಿರಿ, ಪೇಪರಿನಲ್ಲಿ ಸುತ್ತಿ ಮನೆಗೆ ತನ್ನಿ. ದೊಡ್ಡ ಮುಳ್ಳುಗಳನ್ನು ಕತ್ತರಿಯಲ್ಲಿ ಕತ್ತರಿಸಿ. ಆಮೇಲೆ ಸುಟ್ಟ ಬದನೆಕಾಯಿ ಮಾಡುವಂತೆ ಗ್ಯಾಸಿನ ಉರಿಯ ಮೇಲೆ ಹಿಡಿದು ತಿರುಗಿಸುತ್ತಿರಿ. ಸಣ್ಣ ಮುಳ್ಳಿನ ಗುಂಪು ಉರಿಗೆ ತಾಗಿದಾಗ ಚಟಪಟ ಎಂದು ಕಿಡಿ ಹಾರಿಸಿ ಕರಗುತ್ತದೆ. ಒಂದೊಂದು ಮುಖಕ್ಕೆ 20–30 ಸೆಕೆಂಡು ಸಾಕು. ಹಸಿರು ಬಣ್ಣ ಮಂಕಾಗುವ ಮೊದಲೇ ತೆಗೆಯಿರಿ, ಬೇಯಿಸುವುದು ನಮ್ಮ ಉದ್ದೇಶವಲ್ಲ. ಅಂಚನ್ನು ಬಿಡಬೇಡಿ, ಮುಳ್ಳು ದಟ್ಟವಾಗಿರುವುದೇ ಅಲ್ಲಿ. ನೀರಿನ ಕೆಳಗೆ ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಒಮ್ಮೆ ತಿಕ್ಕಿ (ಆ ನಾರನ್ನು ಮತ್ತೆ ಪಾತ್ರೆಗೆ ಬಳಸುವಂತಿಲ್ಲ), ಅಂಚನ್ನು ಸುತ್ತಲೂ ಅರ್ಧ ಸೆಂ.ಮೀ. ಕೊಯ್ದು ಎಸೆಯಿರಿ. ಕೊನೆಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಉಳಿದ ಮುಳ್ಳು ಚಿನ್ನದ ಕೂದಲಿನಂತೆ ಹೊಳೆಯುತ್ತದೆ.

ಒಂದು ಕೆಜಿಯ ಆಮೆಗೆ ಎರಡು ಬೆರಳಗಲದ ತುಂಡು. ಹೆಚ್ಚಾದರೆ ಹೊಟ್ಟೆ ಸಡಿಲವಾಗುತ್ತದೆ. ಉಳಿದ ಭಾಗ ಫ್ರಿಜ್ಜಿನಲ್ಲಿ ಡಬ್ಬಿಯೊಳಗೆ ಒಂದು ವಾರ ಕೆಡುವುದಿಲ್ಲ. ಕೊಯ್ದ ತುದಿ ಕಪ್ಪಾದರೆ ಅಷ್ಟನ್ನು ಕತ್ತರಿಸಿ ತೆಗೆದರಾಯಿತು.

ನಾವು ಎಸೆಯುವುದೇ ಅದಕ್ಕೆ ಒಳ್ಳೆಯದು

ತರಕಾರಿ ಹೆಚ್ಚುವಾಗ ಮೊರದ ಒಂದು ಬದಿಗೆ ಏನು ಬೀಳುತ್ತದೆ ನೋಡಿ: ನವಿಲುಕೋಸಿನ ಎಲೆ, ಮೂಲಂಗಿಯ ಸೊಪ್ಪು, ಹೂಕೋಸಿನ ಹೊರ ಎಲೆ. ಗೆಡ್ಡೆ ನಮಗೆ, ಸೊಪ್ಪು ಆಮೆಗೆ ಎಂದು ಹಂಚಿಕೊಂಡರೆ ಇಬ್ಬರಿಗೂ ಸರಿಯಾದ ಪಾಲು ಸಿಗುತ್ತದೆ, ಏಕೆಂದರೆ ಗಿಡ ಕ್ಯಾಲ್ಸಿಯಂ ಕೂಡಿಡುವುದು ಎಲೆಯಲ್ಲಿ, ಹಿಟ್ಟು ಮತ್ತು ಸಕ್ಕರೆ ಕೂಡಿಡುವುದು ಗೆಡ್ಡೆಯಲ್ಲಿ. ಟರ್ನಿಪ್ ಸೊಪ್ಪಿನಲ್ಲಿ 100 ಗ್ರಾಮಿಗೆ ಕ್ಯಾಲ್ಸಿಯಂ 190 ಮಿಲಿಗ್ರಾಂ, ರಂಜಕ 42. ಇವೆಲ್ಲ ಕೋಸಿನ ಬಳಗದವು. ದಿನವೂ ಕೊಟ್ಟರೆ ಥೈರಾಯಿಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿಯಾಗುವ ಅಂಶ ಇವುಗಳಲ್ಲಿದೆ. ವಾರಕ್ಕೊಮ್ಮೆ ಒಂದು ಹಿಡಿಗೆ ಏನೂ ಆಗುವುದಿಲ್ಲ.

ಗೆಣಸಿನ ಗೆಡ್ಡೆಗಿಂತ ಬಳ್ಳಿಯ ಎಲೆ, ಸಿಹಿಗುಂಬಳದ ತಿರುಳಿಗಿಂತ ಎಳೆ ಕುಡಿ ಮತ್ತು ಹೂವು ಉತ್ತಮ. ಹಿಪ್ಪುನೇರಳೆ ಸೊಪ್ಪು ಸಿಗುವ ಶಿಡ್ಲಘಟ್ಟ, ರಾಮನಗರದ ಕಡೆಯವರು ಪುಣ್ಯವಂತರು. ಅದನ್ನು ಅಪರೂಪಕ್ಕೆ ಅಂತಲ್ಲ, ವಾರಕ್ಕೆ ಎರಡು ಮೂರು ದಿನ ಕೊಡಬಹುದು. ಸೊಪ್ಪು ಕೇಳುವಾಗ "ಈಗ ಹುಳಕ್ಕೆ ಹಾಕ್ತಿರೋದೇ ಕೊಡಿ" ಎನ್ನಿ. ಔಷಧಿ ಹೊಡೆದು ಇನ್ನೂ ದಿನ ತುಂಬದ ತೋಟದ ಸೊಪ್ಪನ್ನು ರೈತರು ತಮ್ಮ ಹುಳಕ್ಕೇ ಹಾಕುವುದಿಲ್ಲ. ದಾಸವಾಳದ ಹೂವು, ಎಲೆ ಎರಡೂ ಒಳ್ಳೆಯದು. ಆದರೆ ಹೂವು ಮನೆಯ ಗಿಡದ್ದಾಗಿರಲಿ. ಪೇಟೆಯ ಪೂಜೆ ಹೂವಿನ ಪೊಟ್ಟಣದಲ್ಲಿ ಕಣಗಿಲೆ ಸೇರಿರುವುದು ಸಾಮಾನ್ಯ, ಕಣಗಿಲೆ ಹೃದಯ ನಿಲ್ಲಿಸುವ ವಿಷ. ಕಾಶಿ ಕಣಗಿಲೆಯೂ ಬೇಡ.

ನುಗ್ಗೆಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಅದರ ಜೊತೆ ಶೇ 9ರಷ್ಟು ಪ್ರೊಟೀನೂ ಇದೆ. ಸುಲ್ಕಾಟಾಗೆ ಒಂದು ಕಡ್ಡಿ ಸೊಪ್ಪು ತಿಂಗಳಿಗೆ ಎರಡು ಸಲ ಸಾಕು. ಪಾಲಕ್, ದಂಟು, ಬಸಳೆ, ಹೊನಗೊನ್ನೆ, ಬೀಟ್‌ರೂಟ್ ಸೊಪ್ಪು ನಮಗೆ ಎಷ್ಟೇ ಒಳ್ಳೆಯದಿರಲಿ, ಇವುಗಳ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕಿ ಮಲದಲ್ಲಿ ಹೊರಗೆ ಸಾಗಿಸುತ್ತದೆ. ಒಂದೆರಡು ಎಲೆ ಬಾಯಿಗೆ ಹೋದರೆ ಹೆದರಬೇಕಿಲ್ಲ, ರೂಢಿ ಮಾಡಬೇಡಿ.

ಉಳಿದ ಕಾಯಿಗಳು

ಬೂದುಗುಂಬಳ, ಸೋರೆ, ಹೀರೆ, ಪಡವಲ ಎಲ್ಲವೂ ಬೇಸಿಗೆಗೆ ಸರಿ. ಸೋರೆಕಾಯಿಯನ್ನು ಕೊಡುವ ಮುನ್ನ ತೊಟ್ಟಿನ ಕಡೆಯ ಚೂರನ್ನು ನಾಲಗೆಗೆ ಮುಟ್ಟಿಸಿ ನೋಡಿ, ನುಂಗಬೇಡಿ. ಕಹಿಯಿದ್ದರೆ ಇಡೀ ಕಾಯಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷದ್ದು, ಮನುಷ್ಯರನ್ನೇ ಆಸ್ಪತ್ರೆಗೆ ಸೇರಿಸುತ್ತದೆ. ಆಯುಧಪೂಜೆಗೆ ಒಡೆದ ಬೂದುಗುಂಬಳದ ಹೋಳು ಮಾತ್ರ ಯಾವ ಕಾರಣಕ್ಕೂ ಬೇಡ. ಕುಂಕುಮದ ಬಣ್ಣ ಹೋಗಲಿ, ಒಳಗೆ ಚಿಲ್ಲರೆ ನಾಣ್ಯ ಇರುತ್ತದೆ, ಆಮೆ ನಾಣ್ಯವನ್ನೂ ನುಂಗುತ್ತದೆ. ಹಾಗೆಯೇ ಊಟ ಮಾಡಿದ ಬಾಳೆಲೆಯನ್ನು ದನಕ್ಕೆ ಹಾಕಿದಂತೆ ಇದಕ್ಕೆ ಹಾಕಬೇಡಿ. ತಾಜಾ ಬಾಳೆಲೆಯ ಚೂರು ಆಗಬಹುದು, ಉಪ್ಪು, ಸಾರು, ತುಪ್ಪ ಸವರಿದ್ದು ಆಗದು.

ಸಿಹಿಗುಂಬಳದ ಬೀಜ ಹೊಟ್ಟೆಹುಳ ಉದುರಿಸುತ್ತದೆ ಎಂದು ಆಮೆ ಸಾಕುವವರಲ್ಲಿ ಒಂದು ಮಾತಿದೆ. ಅದನ್ನು ನಂಬಿ ಮಲಪರೀಕ್ಷೆ ತಪ್ಪಿಸಬೇಡಿ. ಬೆಂಡೆಕಾಯಿಯನ್ನು ಉದ್ದಕ್ಕೆ ಸೀಳಿ ಕೊಡಿ, ಉರುಟಾಗಿ ಹೆಚ್ಚಿದರೆ ಲೋಳೆಗೆ ಕೊಕ್ಕಿನಿಂದ ಜಾರುತ್ತಲೇ ಇರುತ್ತದೆ. ಕ್ಯಾರೆಟ್, ದೊಣ್ಣೆಮೆಣಸಿನಕಾಯಿ, ಬೀಟ್‌ರೂಟ್ ಬಣ್ಣಕ್ಕೆ ಮಾತ್ರ ಲಾಯಕ್ಕು, ತಿಂಗಳಿಗೊಮ್ಮೆ ಒಂದು ಚಮಚ ತುರಿ. ಕೆಂಪು, ಹಳದಿ ಕಂಡರೆ ಆಮೆ ನೇರ ಹೋಗಿ ಕಚ್ಚುತ್ತದೆ. ಉಗುರಿಗೆ ಬಣ್ಣ ಹಚ್ಚಿಕೊಂಡವರು ಬರಿಗಾಲಲ್ಲಿ ಹತ್ತಿರ ನಿಲ್ಲಬಾರದು.

ಕೊಡಲೇಬಾರದ್ದು

ಕೆಸು ಮತ್ತು ಸುವರ್ಣಗೆಡ್ಡೆ: ಸೂಜಿಯಂಥ ಹರಳುಗಳು ಬಾಯಿ, ಗಂಟಲಿಗೆ ಚುಚ್ಚಿ ಊದಿಸುತ್ತವೆ, ನಮಗೆ ತುರಿಸುವುದು ಅದೇ. ಎಳೆ ಜೋಳದ ಪೈರು ಮತ್ತು ಮರಗೆಣಸಿನ ಎಲೆ: ಇವುಗಳಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಮೊಳಕೆ ಬಂದ ಅಥವಾ ಹಸಿರಾದ ಆಲೂಗಡ್ಡೆ, ಟೊಮೆಟೊ ಮತ್ತು ಬದನೆಯ ಎಲೆ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು. ಅವರೆಕಾಳು, ತೊಗರಿ, ಬಟಾಣಿ ಯಾವ ರೂಪದಲ್ಲೂ ಬೇಡ; ಹಸಿ ಕಾಳಿನ ಲೆಕ್ಟಿನ್ ಹೊಟ್ಟೆ ಕೆಡಿಸುತ್ತದೆ, ಪ್ರೊಟೀನು, ರಂಜಕ ಎರಡೂ ವಿಪರೀತ. ಅನ್ನ, ಚಪಾತಿ, ನಾಯಿಯ ಆಹಾರದ ಮಾತೇ ಇಲ್ಲ.

ತೊಳೆಯುವುದು, ಬಡಿಸುವುದು

ಒಂದು ಲೀಟರ್ ನೀರಿಗೆ ಎರಡು ಟೀ ಚಮಚ ಅಡುಗೆ ಸೋಡ ಕರಗಿಸಿ, ತರಕಾರಿಯನ್ನು 15 ನಿಮಿಷ ಮುಳುಗಿಸಿಟ್ಟು, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಿರಿ. ಮೇಲ್ಮೈಯ ಕೀಟನಾಶಕ ಬಹಳಷ್ಟು ಹೋಗುತ್ತದೆ, ಒಳಗೆ ಹೀರಿಕೊಂಡದ್ದು ಹೋಗುವುದಿಲ್ಲ. ಮೇಣ ಹಚ್ಚಿದ ಸೌತೆ, ದೊಣ್ಣೆಮೆಣಸಿಗೆ ಸಿಪ್ಪೆ ತೆಗೆದರೇ ಸರಿ.

ಬಡಿಸುವ ಹೊತ್ತು ಬೆಳಗ್ಗೆ, ಆಮೆ ಬಿಸಿಲು ಕಾಯಿಸಿಕೊಂಡು ಒಂದು ಗಂಟೆಯಾದ ಮೇಲೆ. ಅದರ ಮೈಶಾಖ ಹೊರಗಿನ ಬಿಸಿಯನ್ನೇ ನಂಬಿದೆ, ತಣ್ಣಗಿದ್ದಾಗ ತಿಂದದ್ದು ಹೊಟ್ಟೆಯಲ್ಲಿ ಕೊಳೆಯುತ್ತಾ ಕೂರುತ್ತದೆ. ಮೋಡ ಕವಿದ ಮಳೆಗಾಲದ ದಿನ, ಸಂಜೆ ನಾಲ್ಕರ ನಂತರ ತರಕಾರಿ ಕೊಡಬೇಡಿ. ಫ್ರಿಜ್ಜಿನಿಂದ ತೆಗೆದದ್ದು ಅರ್ಧ ಗಂಟೆ ಹೊರಗಿರಲಿ. ಚಳಿನಿದ್ರೆಗೆ ಹೋಗುವ ಹರ್ಮನ್, ರಷ್ಯನ್ ಆಮೆಗಳಿಗೆ ನಿದ್ರೆಗೆ ಮುಂಚಿನ ಎರಡರಿಂದ ನಾಲ್ಕು ವಾರ ಯಾವ ಆಹಾರವನ್ನೂ ಕೊಡದೆ ಕರುಳು ಖಾಲಿಯಾಗಲು ಬಿಡಬೇಕು. ಎಷ್ಟು ದಿನ ಎಂಬುದು ಗಾತ್ರದ ಮೇಲೆ, ಡಾಕ್ಟರನ್ನು ಕೇಳಿ ನಿರ್ಧರಿಸಿ. ಸುಲ್ಕಾಟಾ, ರೆಡ್‌ಫುಟ್‌ಗಳಿಗೆ ಚಳಿನಿದ್ರೆಯೇ ಇಲ್ಲ.

ಮಣ್ಣಿನ ಮೇಲೆ ಹಾಕಬೇಡಿ. ಒದ್ದೆ ತುಂಡಿಗೆ ಅಂಟಿದ ಮರಳು ಕರುಳಿನಲ್ಲಿ ಕಟ್ಟಿಕೊಳ್ಳುತ್ತದೆ. ಮನೆ ಕಟ್ಟಿದಾಗ ಉಳಿದ ಕಡಪ ಕಲ್ಲಿನ ತುಂಡಿದ್ದರೆ ಪಾಲಿಶ್ ಇಲ್ಲದ ಒರಟು ಮುಖ ಮೇಲೆ ಬರುವಂತೆ ಇಡಿ. ಕಚ್ಚುವಾಗ ಕೊಕ್ಕು ಕಲ್ಲಿಗೆ ತೀಡಿ ತಾನೇ ಹದವಾಗುತ್ತದೆ, ತೊಳೆಯುವುದೂ ಸುಲಭ. ಮೊದಲು ಹುಲ್ಲು ಹಾಕಿ, ಅದು ಅರ್ಧ ಖಾಲಿಯಾದ ಮೇಲೆ ತರಕಾರಿ ಇಡಿ. ಎರಡು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ತೆಗೆದುಬಿಡಿ, ಇಲ್ಲವಾದರೆ ಇರುವೆ ಮುತ್ತಿ ಆಮೆಯ ಕಣ್ಣಂಚನ್ನೂ ಕಚ್ಚುತ್ತವೆ.

ಕೆಟ್ಟಾಗ ಏನು ಮಾಡಬೇಕು

ಹೆಚ್ಚಿನವರಿಗೆ ಎದುರಾಗುವ ತೊಂದರೆ ಭೇದಿಗಿಂತ ಮೊಂಡುತನ. ಸಿಹಿ ರುಚಿ ಕಂಡ ಆಮೆ ಹುಲ್ಲನ್ನು ಪಕ್ಕಕ್ಕೆ ತಳ್ಳಿ ಕಲ್ಲಿನ ಹತ್ತಿರ ಬಂದು ಕಾಯುತ್ತದೆ. ಕರಗಿ ತರಕಾರಿ ಹಾಕಿದರೆ ನೀವು ಸೋತಿರಿ. ಗರಿಕೆಯನ್ನು ಒಂದು ಸೆಂ.ಮೀ.ಗೆ ಸಣ್ಣಗೆ ಹೆಚ್ಚಿ, ಒಂದು ಚಮಚ ಸೀಮೆಬದನೆ ತುರಿಯಲ್ಲಿ ಆರಿಸಲಾಗದಂತೆ ಕಲಸಿ. ದಿನದಿನಕ್ಕೆ ತುರಿ ಕಡಿಮೆ ಮಾಡುತ್ತಾ ಎರಡು ವಾರದಲ್ಲಿ ಬರಿ ಗರಿಕೆಗೆ ಇಳಿಸಿ. ಆರೋಗ್ಯವಾಗಿರುವ ದೊಡ್ಡ ಆಮೆ ನಾಲ್ಕೈದು ದಿನ ಮುನಿಸಿಕೊಂಡರೂ ಅಪಾಯವಿಲ್ಲ. ಮರಿ ಎರಡು ದಿನ ತಿನ್ನದಿದ್ದರೆ ತೋರಿಸಬೇಕು. ಈ ಅವಧಿಯಲ್ಲಿ ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ.

ಮಲ ನೀರಾದರೆ ತರಕಾರಿ, ಹಣ್ಣು ಪೂರ್ತಿ ನಿಲ್ಲಿಸಿ, ಒಂದು ವಾರ ಹುಲ್ಲು ಮತ್ತು ಒಣಹುಲ್ಲು ಮಾತ್ರ. ದಿನವೂ ಗದ್ದದ ಕೆಳಗಿನ ಮಟ್ಟಕ್ಕೆ ಉಗುರುಬೆಚ್ಚಗಿನ ನೀರು ಹಾಕಿದ ಬೋಗುಣಿಯಲ್ಲಿ 20 ನಿಮಿಷ ಕೂರಿಸಿ. ನೀರು ಕುಡಿಯುವುದು, ಮಲಮೂತ್ರ ವಿಸರ್ಜನೆ ಎರಡೂ ಅಲ್ಲೇ ಆಗುವುದರಿಂದ ನಿಮಗೆ ನೋಡಲೂ ಸಿಗುತ್ತದೆ. ಸರಿಯಾದ ಮಲ ಕಡುಹಸಿರು ಅಥವಾ ಕಂದು, ಬಿಡಿಸಿದರೆ ನಾರು ಕಾಣಬೇಕು. ಮೂತ್ರದ ಜೊತೆ ಬರುವ ಬಿಳಿ ಭಾಗ ಗಟ್ಟಿ ಮೊಸರಿನಂತೆ ನುಣ್ಣಗಿರಬೇಕು. ಬೆರಳಲ್ಲಿ ಉಜ್ಜಿದಾಗ ರವೆಯಂತೆ ತರಿತರಿಯಾದರೆ ನೀರು ಸಾಲದು, ಹೀಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ. ಸುಲ್ಕಾಟಾಗಳಿಗೆ ಇದು ಹೆಚ್ಚು. ಬೋಗುಣಿಯ ನೀರು ಕೆಂಪಾಗಿದ್ದರೆ ನಿನ್ನೆ ಮೊನ್ನೆ ಬೀಟ್‌ರೂಟ್ ಕೊಟ್ಟಿದ್ದಿರಾ ನೆನಪಿಸಿಕೊಳ್ಳಿ, ಪಾಪಾಸುಕಳ್ಳಿಯ ಕೆಂಪು ಹಣ್ಣಿಗೂ ಹಾಗೇ ಆಗುತ್ತದೆ. ಎರಡೂ ಕೊಟ್ಟಿಲ್ಲದಿದ್ದರೆ ಅದು ರಕ್ತವೇ ಇರಬಹುದು, ಅಂದೇ ಡಾಕ್ಟರ ಹತ್ತಿರ ಹೋಗಿ.

ಭೇದಿ ಮೂರು ದಿನ ದಾಟಿದರೂ ಹೋಗಬೇಕು. ಸರೀಸೃಪಗಳನ್ನು ನೋಡುವ ಪಶುವೈದ್ಯರೇ ಆಗಬೇಕು. ನಾಯಿ, ಬೆಕ್ಕು ನೋಡುವ ಎಲ್ಲರಿಗೂ ಆಮೆ ನೋಡಿ ರೂಢಿ ಇರುವುದಿಲ್ಲ, ಫೋನಿನಲ್ಲೇ ಕೇಳಿಕೊಳ್ಳಿ. ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ: ಆ ದಿನದ ಮಲ ಒಂದು ಚಮಚದಷ್ಟನ್ನು ಸ್ವಚ್ಛ ಡಬ್ಬಿಯಲ್ಲಿ ಹಾಕಿ, ಹೊರಡುವವರೆಗೆ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಡಿ, ಫ್ರೀಜರಿನಲ್ಲಿ ಬೇಡ. 24 ಗಂಟೆಯೊಳಗೆ ತಲುಪಿಸಿದರೆ ಹುಳ, ಮೊಟ್ಟೆ ಸರಿಯಾಗಿ ಕಾಣುತ್ತವೆ. ಜೊತೆಗೆ ಕಳೆದ ಹದಿನೈದು ದಿನ ಏನೇನು, ಎಷ್ಟೆಷ್ಟು ಕೊಟ್ಟಿರೆಂಬ ಚೀಟಿ ಮತ್ತು ತೂಕದ ಪಟ್ಟಿ ಇರಲಿ. ಅವರು ಮೊದಲು ಕೇಳುವುದು ಅದನ್ನೇ.